ಅನಮಳ ಹೊಸ ದುಪಟ್ಟಾ

ಬ್ಯಾಟರಿ ಸ್ಕೂಟರಿನ ಮೇಲೆ ನಿಂತು ಮನೆಯ ಮುಂದೆ ಹಾದುಹೋಗುತ್ತಿದ್ದ ಒಂಬತ್ತು ವರ್ಷದ ಮಗಳ ದುಪಟ್ಟಾ ಹಿಂದಿನ ಚಕ್ರಕ್ಕೆ ಗೇಣು ದೂರದಲ್ಲಿ ಹಾರಾಡುವುದು ಷಹನಾಜಳ ಕಣ್ಣಿಗೆ ಬಿತ್ತು. ಅಮೆರಿಕದ ಲಿವೋನಿಯಾ ಊರಿನ ಆ ಬಡಾವಣೆಯಲ್ಲಿ ಹೆದರಬೇಕಾದ್ದು ಕಾರುಗಳಿಗೆ ಎಂದುಕೊಂಡು ಅವಳು ಅಷ್ಟು ಹೊತ್ತೂ ರಸ್ತೆಯನ್ನೇ ಕಾಯುತ್ತಿದ್ದಳು. ಹೆಲ್ಮೆಟ್, ಮಂಡಿಯ ಪ್ಯಾಡ್ ಎಲ್ಲವನ್ನೂ ತಾನೇ ತೊಡಿಸಿದ್ದಳು. ಈದ್‌ನ ಹೊಸ ದುಪಟ್ಟಾ ಜಾರದಿರಲೆಂದು ಕುತ್ತಿಗೆಯ ಹಿಂದೆ ಗಂಟು ಹಾಕಿದ್ದೂ ಅವಳೇ.

ಚೀತ್ಕಾರ ಗಂಟಲಿಗೆ ಬಂತು. ಚೀರಿದರೆ ಅನಮ್ ಗಾಬರಿಯಿಂದ ಹಿಂದೆ ತಿರುಗುತ್ತಾಳೆ, ತಿರುಗಿದರೆ ಬಟ್ಟೆ ನೇರ ಚಕ್ರಕ್ಕೇ ಬೀಳುತ್ತದೆ. ಷಹನಾಜ್ ಕೈಯಲ್ಲಿದ್ದ ಶೀರ್ ಖುರ್ಮಾ ಪಾಯಸದ ಬಟ್ಟಲನ್ನು ಹುಲ್ಲಿನ ಮೇಲೆ ಬಿಟ್ಟು ಸ್ಕೂಟರಿನ ಪಕ್ಕಕ್ಕೆ ಓಡಿದಳು. ಊಟಕ್ಕೆ ಕರೆಯುವ ದನಿಯನ್ನು ಹೇಗೋ ತಂದುಕೊಂಡಳು.

"ಅನಮ್, ಬ್ರೇಕ್ ಹಿಡಿ ಕಂದಾ. ಮುಂದೆ ನೋಡ್ಕೊಂಡೇ ಹಿಡಿ."

"ವೈ, ಅಮ್ಮೀ?"

"ಹಿಡಿ, ಆಮೇಲೆ ಹೇಳ್ತೀನಿ."

ಅನಮ್ ಹಿಡಿದಳು. ಸ್ಕೂಟರ್ ನಿಲ್ಲುವಷ್ಟರಲ್ಲಿ ದುಪಟ್ಟಾದ ತುದಿ ಚೈನಿನೊಳಗೆ ಸಿಕ್ಕಿಕೊಂಡಿತ್ತು. ಚಕ್ರ ಇನ್ನೆರಡು ಸುತ್ತು ತಿರುಗಿದ್ದರೆ ಸಾಕಿತ್ತು, ಕುತ್ತಿಗೆ ಬಿಗಿಯುತ್ತಿತ್ತು. ಷಹನಾಜ್ ಕೀ ತಿರುಗಿಸಿ ಮೋಟಾರು ನಿಲ್ಲಿಸಿದಳು. ಮಗಳ ಕುತ್ತಿಗೆಯ ಗಂಟು ಅವಳ ಬೆರಳುಗಳಿಗೆ ಬಗ್ಗಲಿಲ್ಲ. ಕೊನೆಗೆ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಚೈನಿನ ಎಣ್ಣೆಗೆ ಕಪ್ಪಾದ ಬಟ್ಟೆಯನ್ನು ನೋಡಿ ಅನಮಳ ಮುಖ ಬಾಡಿತು. "ಸಾರಿ ಅಮ್ಮೀ, ಐ ರೂಯಿನ್ಡ್ ಇಟ್. ಆರ್ ಯು ಮ್ಯಾಡ್ ಅಟ್ ಮಿ?"

ಷಹನಾಜ್ ಹೆಲ್ಮೆಟ್ ಸಮೇತ ಮಗಳನ್ನು ಎದೆಗೆ ಒತ್ತಿಕೊಂಡು ರಸ್ತೆಯಲ್ಲೇ ಕುಳಿತುಬಿಟ್ಟಳು.