ಬಿಷಪ್ಪನು ಉಂಡ ಸಾರು

ಇಂಗ್ಲೆಂಡಿನ ಮಧ್ಯಯುಗವನ್ನು ಓದುತ್ತ ಬರೆಯುತ್ತಲೇ ವಿನಿಫ್ರೆಡ್‌ಳ ತಲೆ ನರೆತಿತ್ತು. ಎಂಟು ಶತಮಾನಗಳ ಹಿಂದೆ ಬಿಷಪ್ಪನೊಬ್ಬ ಸನ್ಯಾಸಿನಿಯರ ಮಠದಲ್ಲಿ ಹಾವುಮೀನಿನ ಸಾರು ಉಂಡು ಸತ್ತಿದ್ದ. ಮಠದ ಹಿರಿಯಳೇ ವಿಷ ಹಾಕಿದಳೆಂದು ಚರಿತ್ರೆ ಬರೆದ ಗಂಡಸರೆಲ್ಲ ತೀರ್ಪು ಕೊಟ್ಟಿದ್ದರು. ಆಕೆ ನಿರಪರಾಧಿ ಎನ್ನುವುದೇ ವಿನಿಫ್ರೆಡ್‌ಳ ಜೀವಮಾನದ ವಾದ. ಯಾರೂ ಕಿವಿಗೊಟ್ಟಿರಲಿಲ್ಲ, ನಿವೃತ್ತಿ ಬೇರೆ ಹೊಸ್ತಿಲಿಗೆ ಬಂದಿತ್ತು.

"ಹೆಂಗಸು ಅಂದ ಕೂಡಲೇ ನಿಮಗೆ ಕರುಳು ಚುರ್ ಅನ್ನುತ್ತೆ. ವಿಷ ಇಲ್ಲದೆ ಬರೀ ಸಾರು ಉಂಡು ಯಾರಾದರೂ ಸಾಯ್ತಾರಾ ಮೇಡಂ?" ಎಂದು ವಿಭಾಗದ ಮುಖ್ಯಸ್ಥರು ಮತ್ತೆ ಕೆಣಕಿದರು.

"ಶನಿವಾರ ಊಟಕ್ಕೆ ಬನ್ನಿ ಸಾರ್. ಆ ಕಾಲದವರ ಹಾಗೇ ಮಾಡಿ ಬಡಿಸ್ತೀನಿ, ಉಂಡು ನೋಡಿ."

ಮೀನನ್ನು ಫ್ರಿಜ್ಜಿನ ಹತ್ತಿರವೂ ಸುಳಿಯಗೊಡದೆ, ಎರಡು ದಿನ ಮೊದಲೇ ತಂದಿಟ್ಟು ಅವಳು ನಿಷ್ಠೆಯಿಂದ ಅಡುಗೆ ಮಾಡಿದಳು. ಅವರು ಚಪ್ಪರಿಸಿ ಎರಡು ಬಟ್ಟಲು ಉಂಡರು.

ಭಾನುವಾರ ಅವಳು ಹೂಗುಚ್ಛ ಹಿಡಿದು ಆಸ್ಪತ್ರೆಗೆ ಹೋದಾಗ ಅವರು ಹೊಟ್ಟೆ ಹಿಡಿದುಕೊಂಡು ಮಲಗಿದ್ದರು.

"ಸಾಯೋದೊಂದು ಬಾಕಿ ಇತ್ತು. ಯಾವ ವಿಷ ಹಾಕಿದ್ರಿ? ನನ್ನ ಹೊಟ್ಟೆ ಜೊತೆ ನಿಮ್ಮ ವಾದಾನೂ ಕೆಟ್ಟುಹೋಯ್ತು ಮೇಡಂ."

ವಿನಿಫ್ರೆಡ್‌ಳ ಕಣ್ಣು ತುಂಬಿ ಬಂತು. ಅವರ ಕೈಯನ್ನು ಮೆಲ್ಲಗೆ ಹಿಡಿದುಕೊಂಡಳು.

"ಗೆದ್ದೆ ಸಾರ್. ನಾನೂ ವಿಷ ಹಾಕಿರಲಿಲ್ಲ."