ಎಂಡಾನ ಕೊನೆಯ ಟ್ಯಾಕಲ್

"ರೆಫ್ರೀ, ಈ ಹುಡುಗ ಏನಂತಿದ್ದಾನೆ, ಒಂಚೂರು ಬಂದು ಕೇಳಿ!"

ಎಂಡಾ ಹೀಗೆ ಕೂಗಿದ್ದು ಎರಡನೇ ಸಲ. ರೆಫ್ರೀ ಫಿಂಟನ್ ಮಲ್ವಿ ಕಿವಿಗೆ ಹಾಕಿಕೊಳ್ಳಲಿಲ್ಲ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲಿನಲ್ಲಿ ಫುಲ್‌ಬ್ಯಾಕ್ ಆದವನು ಎದುರು ತಂಡದ ಒಬ್ಬನಿಗೆ ಆಟ ಮುಗಿಯುವವರೆಗೂ ಅಂಟಿಕೊಂಡೇ ಇರಬೇಕು. ಅಷ್ಟು ಹೊತ್ತು ಮೈಗೆ ಮೈ ತಾಗಿದರೆ ಬಾಯಿ ಸುಮ್ಮನಿರುತ್ತದೆಯೇ? ತಾಯಿ, ಹೆಂಡತಿ, ಸತ್ತ ಅಣ್ಣ, ಯಾರನ್ನೂ ಬಿಡುವುದಿಲ್ಲ. ಕೇಳಿ ಕೇಳಿ ಫಿಂಟನ್‌ಗೆ ಸಾಕಾಗಿ ಹೋಗಿತ್ತು.

"ಬಾಯಿಮಾತಿಗೆಲ್ಲ ಸೀಟಿ ಊದಿದ್ರೆ ಕ್ರಿಸ್‌ಮಸ್ಸಿಗೂ ಮನೆ ಸೇರಲ್ಲ. ಆಡಪ್ಪ, ಆಡು."

ಎಂಡಾನಿಗೆ ಮೂವತ್ತೇಳು. ಎರಡೂ ಮಂಡಿಗೆ ಪಟ್ಟಿ ಸುತ್ತಿಕೊಂಡು ಆಡುತ್ತಿರುವ ಕೊನೆಯ ವರ್ಷ. ಇವತ್ತಿನ ಸೆಮಿಫೈನಲ್ ಗೆದ್ದರೆ ಅವನ ಡ್ರಮ್‌ಕೀಲ್ ಊರು ಅವನ ಕಾಲದಲ್ಲಿ ಮೊದಲ ಸಲ ಕೌಂಟಿ ಫೈನಲ್ ಕಾಣುತ್ತದೆ. ಅವನ ಪಾಲಿಗೆ ಬಂದಿದ್ದವನು ಗ್ಲೆನ್‌ಬ್ರಾಕ್‌ನ ಹತ್ತೊಂಬತ್ತರ ಹುಡುಗ ಕಿಲಿಯನ್. ಬಲು ಚುರುಕು. ಮೊದಲರ್ಧದಲ್ಲಿ ಗೋಲ್‌ಕಂಬಕ್ಕೆ ತಲೆ ಬಡಿದು ಬಿದ್ದವನು, ಓಡಿಬಂದ ಡಾಕ್ಟರನ್ನು ಕೈಬೀಸಿ ಕಳಿಸಿ ಎದ್ದು ನಿಂತಿದ್ದ. ಎರಡೂ ಊರಿನವರು ಚಪ್ಪಾಳೆ ತಟ್ಟಿದ್ದರು. ಆಮೇಲೆ ಒಂದು ಪಾಯಿಂಟನ್ನೂ ಹೊಡೆದಿದ್ದ.

ಕಿಲಿಯನ್ ಮತ್ತೆ ಎಂಡಾನ ಕಿವಿಯ ಹತ್ತಿರ ಏನೋ ಅಂದು ನಕ್ಕ. ಎಂಡಾನ ಮುಖ ಬಿಳಿಚಿಕೊಂಡಿತು. ಗ್ಲೆನ್‌ಬ್ರಾಕ್ ಬೆಂಚಿನ ಕಡೆ ತಿರುಗಿ ಅರಚಿದ.

"ನಿಮ್ಮ ಹುಡುಗನ್ನ ಆಚೆ ಕರ್ಕೊಳ್ರೋ! ಇಲ್ಲಾಂದ್ರೆ ನಾನೇ ಕಳಿಸ್ತೀನಿ!"

"ಹಿಡಿಯೋಕಾಗ್ದೆ ಅಳ್ತಿದ್ದೀಯೇನೋ ತಾತ?" ಬೆಂಚು ಗೊಳ್ಳೆಂದು ನಕ್ಕಿತು.

ಚೆಂಡು ಎತ್ತರಕ್ಕೆ ಎದ್ದು ಬಂತು. ನಾಲ್ಕೈದು ಜನ ಅದರಡಿಗೆ ನುಗ್ಗಿದರು. ಕಿಲಿಯನ್ ಜಿಗಿಯುವ ಮೊದಲೇ ಎಂಡಾ ಹಿಂದಿನಿಂದ ಅವನ ಎರಡೂ ಕಾಲು ತಬ್ಬಿ ಕೆಡವಿದ. ಚೆಂಡಿನತ್ತ ನೋಡಲೂ ಇಲ್ಲ. ಹುಡುಗ ಪಾದ ಹಿಡಿದುಕೊಂಡು ಚೀರಿದ.

ಫಿಂಟನ್ ಯೋಚಿಸುವಂಥದ್ದೇನೂ ಇರಲಿಲ್ಲ. ಬೆದರಿಕೆಯನ್ನು ಕಿವಿಯಾರೆ ಕೇಳಿದ್ದ, ಟ್ಯಾಕಲನ್ನು ಕಣ್ಣಾರೆ ಕಂಡಿದ್ದ. ಕೆಂಪು ಕಾರ್ಡ್. ಕೆಂಪು ಕಂಡವನಿಗೆ ಮುಂದಿನ ಪಂದ್ಯವಿಲ್ಲ. ಎಂಡಾ ವಾದ ಮಾಡಲಿಲ್ಲ. ಹುಡುಗನನ್ನು ಆಂಬುಲೆನ್ಸಿಗೆ ಹತ್ತಿಸುವವರೆಗೂ ಗೆರೆಯಾಚೆ ನಿಂತಿದ್ದು, ಜನರ ಬೈಗುಳದ ನಡುವೆ ಒಳಗೆ ಹೋದ.

ಡ್ರಮ್‌ಕೀಲ್ ಒಂದೇ ಪಾಯಿಂಟಿನಿಂದ ಗೆದ್ದಿತು.

ಎಲ್ಲರೂ ಕುಣಿಯಲು ಹೋದ ಮೇಲೆ ಫಿಂಟನ್ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಒರಗಿ ನಿಂತ. ಎಂಡಾ ಒಬ್ಬನೇ ಕೂತಿದ್ದ. ಪಾಪ ಅನ್ನಿಸಿತು.

"ಅವನು ಏನಂತ ಕೆಣಕಿದ, ಹೇಳಿಬಿಡು. ವರದಿಯಲ್ಲಿ ಸೇರಿಸ್ತೀನಿ. ಕಮಿಟಿಯವರು ಫೈನಲ್ ಆಡೋಕೆ ಬಿಟ್ಟರೂ ಬಿಟ್ಟಾರು."

"ಆಸ್ಪತ್ರೆಯಲ್ಲಿ ತಲೆ ಸ್ಕ್ಯಾನ್ ಮಾಡಿದ್ರಾ?"

"ತಲೆ ಯಾಕಯ್ಯಾ? ನೀನು ಮುರಿದದ್ದು ಪಾದ."

"ಅವನು ಕೆಣಕಲಿಲ್ಲ ರೆಫ್ರೀ," ಎಂಡಾ ಮಂಡಿಯ ಪಟ್ಟಿ ಬಿಚ್ಚುತ್ತ ಅಂದ. "ಪ್ರತಿ ಸಲವೂ ಒಂದೇ ಕೇಳ್ತಿದ್ದ: 'ಅಣ್ಣಾ, ನಾನು ಯಾವ ತಂಡದವನು?'"