ಚಪ್ಪಾಳೆಯ ಸಾಲು

ಹೆಡ್‌ಮಿಸ್ ನನ್ನನ್ನು ಶಾಲೆಗೆ ಕರೆಸಿದ್ದರು. ಎರಡನೇ ಕ್ಲಾಸಿನ ನನ್ನ ಮಗಳು ಅವರ ಮೇಜಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು.

“ಪಕ್ಕ ಕೂರೋ ಹುಡುಗಿಗೆ ಇವಳು ಏನಂದಳು ಗೊತ್ತಾ ಸರ್? ‘ನಿಮ್ಮ ಜನ ಗೆದ್ದಲು, ಹುತ್ತದ ಸಮೇತ ಸುಡಬೇಕು’ ಅಂತ. ಆ ಮಗು ಟಿಫಿನ್ ಬಾಕ್ಸೇ ತೆಗೆದಿಲ್ಲ.”

ನಾನು ಮಗಳ ಕಡೆ ತಿರುಗಿದೆ.

“ಇವಳನ್ನ ಬೈಬೇಡಿ. ಎಲ್ಲಾ ಟಿವಿ ನೋಡಿ ಕಲಿಯೋದು. ಮೈಕ್ ಸಿಕ್ಕಿದ್ರೆ ಸಾಕು, ನಾಯಕರು ಬಾಯಿಗೆ ಬಂದಿದ್ದು ಒದರ್ತಾರೆ. ಮನೇಲಿ ಟಿವಿ ಬಂದ್ ಮಾಡಿ.”

“ಆಯ್ತು ಮೇಡಂ,” ಎಂದೆ.

ಮಗಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು.

ನಾಯಕರ ಭಾಷಣಕ್ಕೆಂದು ಆ ಸಾಲನ್ನು ಬರೆದು, ಚಪ್ಪಾಳೆ ಬೀಳುತ್ತದೋ ಇಲ್ಲವೋ ಎಂದು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿದ್ದು ನಿನ್ನೆ. ನಾಯಕರು ಅದನ್ನು ಹೇಳುವುದು ನಾಳೆ.